ದಾರಿಹೋಕರೇ, ಕೊಂಚ ನಿಲ್ಲಿ

ಅಮೆರಿಕಕ್ಕೆ ಹೋಗಿಬಂದವರ ಮನೆಗೆ ನೀವು ಕಾಫಿಗೆ ಹೋಗಿದ್ದರೆ, ಅಲ್ಲಿ ನಡೆಯುವ ಚಿತ್ರದರ್ಶನದ ಕ್ರಮವನ್ನು ನಾನು ಬಣ್ಣಿಸಬೇಕಾದುದಿಲ್ಲ. ಮೊದಲು ನಯಾಗರಾ, ಅನಂತರ ಸ್ವಾತಂತ್ರ್ಯ ದೇವಿಯ ಪ್ರತಿಮೆ, ಆಮೇಲೆ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಅಂಚಿನಲ್ಲಿ, ರೇಷ್ಮೆ ಸೀರೆಯ ಮೇಲೆ ಅಳಿಯನ ಉಣ್ಣೆಯ ಕೋಟು ತೊಟ್ಟು ನಿಂತ ಮನೆಯೊಡತಿ. ಇವೆಲ್ಲವೂ ನೋಡತಕ್ಕ ಸ್ಥಳಗಳೇ, ಅನುಮಾನವಿಲ್ಲ. ಆದರೆ ಹತ್ತು ಮನೆಗಳಲ್ಲಿ ಹತ್ತು ಬಾರಿ ನೋಡಿದ ಮೇಲೆ ನಯಾಗರಾ ಕೂಡ ನಮ್ಮ ಬೀದಿಯ ಕೊಳಾಯಿಯಂತೆ ಕಾಣತೊಡಗುತ್ತದೆ.

ನಮ್ಮ ಕಾಲೇಜಿನಿಂದ ನಿವೃತ್ತರಾದ ಹಿರಿಯರೊಬ್ಬರು ಕ್ಯಾನ್ಸಸ್ ಸಂಸ್ಥಾನದಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಮೊನ್ನೆ ಹಿಂದಿರುಗಿದರು. ಅವರ ಮೊಬೈಲಿನ ತೆರೆಯ ಮೇಲೆ ನಯಾಗರಾ ಹಾದುಹೋದ ಮೇಲೆ ವಿಲಕ್ಷಣವಾದ ಒಂದು ಚಿತ್ರ ಸುಳಿಯಿತು. ಕಂಬಗಳ ಮೇಲೆ ನಿಂತ ಒಂದು ಮಾಡು. ಅದರ ಕೆಳಗೆ ಆಳೆತ್ತರವನ್ನು ಮೀರಿದ, ಕಂದು ಬಣ್ಣದ, ಗುಂಡನೆಯ ಏನೋ ಒಂದು ವಸ್ತು.

“ಇದೇನು ಸಾರ್?” ಎಂದೆ.

“ಹಗ್ಗದ ಉಂಡೆ ಕಣಯ್ಯ.”

“ಹಗ್ಗದ ಉಂಡೆಯೇ?”

“ಹೂಂ. ಹೊರೆ ಕಟ್ಟುವ ಹುರಿಹಗ್ಗ. ಪ್ರಪಂಚದಲ್ಲೆಲ್ಲ ದೊಡ್ಡದಂತೆ. ಇದನ್ನು ತೋರಿಸುವುದಕ್ಕೆ ನಮ್ಮ ಅಳಿಯಂದಿರು ಹೆದ್ದಾರಿ ಬಿಟ್ಟು ಅಷ್ಟು ದೂರ ಸುತ್ತು ಹಾಕಿಸಿದರು. ಪೆಟ್ರೋಲಿಗೆ ಕೇಡು!”

ಮಾತಿನಲ್ಲಿ ದೂರಿತ್ತು, ನಿಜ. ಆದರೆ ನಯಾಗರಾದ ಚಿತ್ರಗಳು ನಾಲ್ಕೇ ನಾಲ್ಕು, ಹಗ್ಗದ ಉಂಡೆಯ ಚಿತ್ರಗಳು ಹನ್ನೊಂದು ಇದ್ದುದನ್ನು ನಾನು ಲೆಕ್ಕವಿಟ್ಟುಕೊಂಡೆ. ಮನೆಗೆ ಬಂದ ಮೇಲೂ ಆ ಉಂಡೆ ತಲೆಯಲ್ಲಿ ಉರುಳುತ್ತಲೇ ಇತ್ತು. ಅದರ ಬೆನ್ನು ಹತ್ತಿ ಓದುತ್ತ ಹೋದಂತೆ, ಆ ದೇಶದ ದಾರಿಗಳ ಬದಿಯಲ್ಲಿ ಇಂತಹ ವಿಚಿತ್ರಗಳ ಒಂದು ಲೋಕವೇ ಇದೆಯೆಂದು ತಿಳಿಯಿತು. ಆನೆಯಾಕಾರದ ಮನೆ, ಜೋಳದ ತೆನೆಗಳಿಂದ ಸಿಂಗರಿಸಿದ ಅರಮನೆ, ಮೂಗು ಕೆಳಗಾಗಿ ನೆಲದಲ್ಲಿ ನೆಟ್ಟ ಮೋಟಾರುಗಳು, ಒಣನೆಲದ ಒಂದು ಕೊಳದಲ್ಲಿ ಬಾಯಿ ತೆರೆದು ನಗುವ ನೀಲಿ ತಿಮಿಂಗಿಲ — ಪ್ರವಾಸಿಯ ಕೈಪಿಡಿಗಳು ಇವನ್ನು ಕೊನೆಯ ಪುಟಕ್ಕೆ ತಳ್ಳುತ್ತವೆ. ನಾನು ಈ ವಾರ ಆ ಕೊನೆಯ ಪುಟದಿಂದಲೇ ಆರಂಭಿಸುತ್ತೇನೆ.

ಇವು ಏಕೆ ಹುಟ್ಟಿದವೆಂದು ತಿಳಿಯಬೇಕಾದರೆ ಆ ದೇಶದ ನಡುಭಾಗವನ್ನು ಮನಸ್ಸಿನ ಮುಂದೆ ತಂದುಕೊಳ್ಳಬೇಕು. ಗಂಟೆಗಟ್ಟಲೆ ಹೋದರೂ ಮುಗಿಯದ ಬಯಲು. ಎರಡು ಕಡೆಯೂ ಗೋಧಿ, ಜೋಳ, ಹುಲ್ಲು. ದಾರಿಯೋ ಅಳತೆಪಟ್ಟಿ ಇಟ್ಟು ಗೆರೆ ಎಳೆದಂತೆ ನೇರ. ನಡುನಡುವೆ ನೂರಿನ್ನೂರು ಮನೆಗಳ ಒಂದೊಂದು ಊರು. ಆ ನೆಲಕ್ಕೆ ಇತಿಹಾಸವಿರಲಿಲ್ಲವೆಂದಲ್ಲ. ಲಕೋಟ ಮೊದಲಾದ ಮೂಲನಿವಾಸಿಗಳಿಗೆ ಅಲ್ಲಿಯ ಒಂದೊಂದು ಗುಡ್ಡವೂ ಒಂದು ಕಥೆಯಾಗಿತ್ತು. ಅವರನ್ನು ಒತ್ತರಿಸಿ ಬಂದು ನೆಲಸಿದವರ ಹೊಸ ಊರುಗಳಿಗೆ ಮಾತ್ರ ಹೇಳಿಕೊಳ್ಳಲು ಏನೂ ಇರಲಿಲ್ಲ. ಅಂತಹ ಊರಿನ ಮುಂದೆ ದಿನಕ್ಕೆ ಸಾವಿರ ಕಾರುಗಳು ಹಾದುಹೋಗುತ್ತವೆ, ಒಂದೂ ನಿಲ್ಲುವುದಿಲ್ಲ. ನಿಂತರೆ ಊರಿನ ಹೋಟೆಲು ಬದುಕುತ್ತದೆ, ಪೆಟ್ರೋಲಿನ ಅಂಗಡಿ ಬದುಕುತ್ತದೆ. ನಿಲ್ಲದಿದ್ದರೆ ಹತ್ತು ವರ್ಷದಲ್ಲಿ ಶಾಲೆ ಮುಚ್ಚುತ್ತದೆ. ಹೋಗುವವನನ್ನು ನಿಲ್ಲಿಸುವುದು ಹೇಗೆ? ಈ ಲೋಕದ ವಿಚಿತ್ರಗಳಲ್ಲಿ ಅರ್ಧಪಾಲು ಈ ಒಂದು ಪ್ರಶ್ನೆಗೆ ಸಿಕ್ಕ ಉತ್ತರಗಳು.

ಆ ಉತ್ತರಗಳಲ್ಲಿ ಎಲ್ಲಕ್ಕಿಂತ ಸರಳವಾದುದು ಒಂದು ಲೋಟ ತಣ್ಣೀರು.

ದಕ್ಷಿಣ ಡಕೋಟ ಸಂಸ್ಥಾನದಲ್ಲಿ ವಾಲ್ ಎಂಬ ಪುಟ್ಟ ಊರಿದೆ. ವಾಲ್ ಎಂದರೆ ಗೋಡೆ. ಹತ್ತಿರದ ‘ಬ್ಯಾಡ್‌ಲ್ಯಾಂಡ್ಸ್’ ಎಂಬ ಕೊರಕಲು ಭೂಮಿ ಗೋಡೆಯಂತೆ ಎದ್ದು ನಿಂತಿರುವುದರಿಂದ ಊರಿಗೆ ಆ ಹೆಸರು. ೧೯೩೧ರಲ್ಲಿ ಟೆಡ್ ಹಸ್ಟೆಡ್ ಎಂಬ ತರುಣ ಔಷಧಜ್ಞ, ತಂದೆಯಿಂದ ಬಂದ ಹಣವನ್ನು ಹಾಕಿ ಅಲ್ಲಿನ ಔಷಧದ ಅಂಗಡಿಯನ್ನು ಕೊಂಡ. ಕಾಲ ಕೆಟ್ಟದ್ದು. ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿತ್ತು; ಆ ಬಯಲಿನಲ್ಲಿ ಬರ, ಧೂಳು. ರೈತನ ಕೈಯಲ್ಲಿ ಕಾಸಿಲ್ಲದಿದ್ದರೆ ಅವನು ಕಾಯಿಲೆಯನ್ನೂ ಮುಂದಕ್ಕೆ ಹಾಕುತ್ತಾನೆ. ಐದು ವರ್ಷ ನೋಡೋಣ, ಆಗದಿದ್ದರೆ ಬಿಟ್ಟುಹೋಗೋಣ ಎಂದು ಗಂಡಹೆಂಡಿರು ಮೊದಲೇ ಗೊತ್ತು ಮಾಡಿಕೊಂಡಿದ್ದರು. ಆ ಐದನೆಯ ವರ್ಷ, ೧೯೩೬ರ ಬೇಸಿಗೆಯೂ ಬಂತು, ವ್ಯಾಪಾರ ಬರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಹೆಂಡತಿ ಡೊರೊಥಿ ಮಕ್ಕಳನ್ನು ಮಲಗಿಸಲು ಮನೆಗೆ ಹೋದಳು. ದಾರಿಯಲ್ಲಿ ಕಾರುಗಳು ಹೋಗುವ ಸದ್ದಿಗೆ ಅವಳಿಗೆ ನಿದ್ದೆ ಹತ್ತಲಿಲ್ಲ. ಅಷ್ಟು ಹೊತ್ತಿಗೆ ಎದ್ದು ಬಂದು ಗಂಡನಿಗೆ ಹೇಳಿದಳು: ಈ ಸುಡು ಬಿಸಿಲಿನಲ್ಲಿ ಬಯಲು ದಾಟಿ ಬರುವವರಿಗೆ ಬೇಕಾದುದು ಏನು? ತಣ್ಣಗಿನ ನೀರು. ನಮ್ಮಲ್ಲಿ ನೀರಿದೆ, ಮಂಜುಗಡ್ಡೆಯಿದೆ. ಬಿಟ್ಟಿ ಕೊಡುತ್ತೇವೆಂದು ದಾರಿಯಲ್ಲಿ ಬೋರ್ಡು ಹಾಕೋಣ.

ಪ್ರಾಸ ಕಟ್ಟಿದ ನಾಲ್ಕು ಸಾಲುಗಳನ್ನು ತುಂಡುತುಂಡು ಹಲಗೆಗಳ ಮೇಲೆ ಬರೆದು, ಹೋಗುವ ಕಾರಿನಲ್ಲಿ ಕುಳಿತವರು ಒಂದೊಂದಾಗಿ ಓದುತ್ತ ಬರುವಂತೆ ಅವನ್ನು ದಾರಿಯುದ್ದಕ್ಕೂ ನೆಟ್ಟರು. ಹಸ್ಟೆಡ್‌ಗೆ ಈ ಕೆಲಸದಲ್ಲಿ ಕೊಂಚ ನಾಚಿಕೆಯೇ ಇತ್ತಂತೆ. ಆದರೆ ಹಲಗೆ ನೆಟ್ಟು ಅಂಗಡಿಗೆ ಹಿಂದಿರುಗುವಷ್ಟರಲ್ಲಿ ಜನ ಆಗಲೇ ಬಂದು ನೀರು ಕೇಳುತ್ತಿದ್ದರು. ನೀರಿಗೆ ಬಂದವರು ಐಸ್‌ಕ್ರೀಮು ಕೊಂಡರು. ಕೆಲವರು ಊರಿನ ದಾರಿ ಕೇಳಿ, ಸಂಕೋಚಕ್ಕಾಗಿಯಾದರೂ ಒಂದು ತಲೆನೋವಿನ ಮಾತ್ರೆ ಕೊಂಡಿರಬೇಕು. ಮರುವರ್ಷದ ಬೇಸಿಗೆಗೆ ಎಂಟು ಮಂದಿ ಹುಡುಗಿಯರನ್ನು ಕೆಲಸಕ್ಕಿಟ್ಟುಕೊಳ್ಳಬೇಕಾಯಿತು. ಇಂದು ಆ ಔಷಧದ ಅಂಗಡಿ ಒಂದು ಪೇಟೆಯಷ್ಟು ದೊಡ್ಡದು. ವರ್ಷಕ್ಕೆ ಇಪ್ಪತ್ತು ಲಕ್ಷ ಜನ ಅಲ್ಲಿಗೆ ಬರುತ್ತಾರೆಂದು ಲೆಕ್ಕ. ಹೆದ್ದಾರಿಯ ಬದಿಯಲ್ಲಿ ಎಂಬತ್ತು ಅಡಿಯ ಒಂದು ಡೈನೋಸಾರ್ ನಿಂತಿದೆ. ತಣ್ಣೀರು ಇಂದಿಗೂ ಬಿಟ್ಟಿ.

ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆ ಕನ್ನಡಿಗರಿಗೆ ಹೊಸದಲ್ಲ. ಅದನ್ನು ಇಟ್ಟವನು ಪುಣ್ಯಕ್ಕೆ ಇಟ್ಟ. ಹಸ್ಟೆಡ್ ದಂಪತಿಗಳು ವ್ಯಾಪಾರಕ್ಕೆ ಇಟ್ಟರು. ವ್ಯತ್ಯಾಸ ದೊಡ್ಡದೆಂದು ನಮ್ಮ ಹಿರಿಯರು ವಾದಿಸಬಹುದು. ನೀರಡಿಸಿ ಬಂದವನ ಗಂಟಲನ್ನು ಕೇಳಿದರೆ ಅದು ಏನು ಹೇಳುತ್ತದೋ!

ಮೋಟಾರು ಕಾರು ಹುಟ್ಟುವ ಮೊದಲೇ ಈ ಉಪಾಯವನ್ನು ಕಂಡುಕೊಂಡವನೊಬ್ಬನಿದ್ದ. ಫಿಲಡೆಲ್ಫಿಯದ ಜೇಮ್ಸ್ ಲಾಫರ್ಟಿ ಎಂಬವನು ನ್ಯೂಜೆರ್ಸಿಯ ಕಡಲ ತೀರದಲ್ಲಿ ಮರಳು ನೆಲವನ್ನು ಕೊಂಡು, ಅದನ್ನು ನಿವೇಶನಗಳಾಗಿ ಮಾರಲು ಹವಣಿಸುತ್ತಿದ್ದ. ಕೊಳ್ಳುವವರು ಅಲ್ಲಿಯವರೆಗೆ ಬರಬೇಕಲ್ಲ? ೧೮೮೧ರಲ್ಲಿ ಅವನು ಅಲ್ಲಿ ಒಂದು ಆನೆಯನ್ನು ಕಟ್ಟಿಸಿದ. ಎತ್ತರ ೬೫ ಅಡಿ. ಒಳಗೆ ಮರದ ಹಂದರ, ಹೊರಗೆ ತಗಡಿನ ಹೊದಿಕೆ. ಕಾಲಿನೊಳಗಿನ ಸುರುಳಿ ಮೆಟ್ಟಿಲನ್ನು ಹತ್ತಿದರೆ ಹೊಟ್ಟೆಯಲ್ಲಿ ದೊಡ್ಡ ಕೋಣೆ. ಇನ್ನೂ ಮೇಲೆ ಹೋದರೆ ಬೆನ್ನ ಮೇಲೆ ಅಂಬಾರಿ. ಗಿರಾಕಿಗಳನ್ನು ಅಂಬಾರಿಗೆ ಕರೆದೊಯ್ದು, “ಅದೋ ಅಲ್ಲಿ ನಿಮ್ಮ ನಿವೇಶನ” ಎಂದು ಬೆರಳು ಮಾಡಿ ತೋರಿಸುವುದು ಅವನ ವ್ಯಾಪಾರದ ಮರ್ಮ. ಪ್ರಾಣಿಗಳ ಆಕಾರದಲ್ಲಿ ಕಟ್ಟಡ ಕಟ್ಟುವುದಕ್ಕೆ ೧೮೮೨ರಲ್ಲಿ ಸರಕಾರದಿಂದ ಪೇಟೆಂಟನ್ನೂ ಪಡೆದುಕೊಂಡ. ಇನ್ನೆರಡು ಆನೆಗಳೂ ಎದ್ದವು. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿದ್ದುದು ೧೮೯೬ರಲ್ಲಿ ಸುಟ್ಟುಹೋಯಿತು. ಕೇಪ್ ಮೇ ಎಂಬಲ್ಲಿದ್ದುದನ್ನು ೧೯೦೦ರಲ್ಲಿ ಕೆಡವಿದರು. ಉಳಿದುದು ಮೊದಲನೆಯದೊಂದೇ.

ಅದರ ಹೆಸರು ಲೂಸಿ. ಲೂಸಿ ಎಂಬುದು ಹೆಣ್ಣಿನ ಹೆಸರು. ಚಿತ್ರದಲ್ಲಿ ನೋಡಿದರೆ ಇಷ್ಟುದ್ದದ ಎರಡು ದಂತಗಳಿವೆ! ದಸರೆಯ ಮೆರವಣಿಗೆಯನ್ನು ಒಮ್ಮೆ ನೋಡಿದ ಮೈಸೂರಿನ ಮಗು ಕೂಡ ಮಾಡಲಾರದ ತಪ್ಪು ಇದು. ನಮ್ಮ ನಾಡಿನ ಹೆಣ್ಣಾನೆಗೆ ಹೊರಗೆ ಕಾಣುವಂತಹ ದಂತವೆಲ್ಲಿಯದು? ಆದರೆ ನೂರು ವರ್ಷಕ್ಕೂ ಮಿಕ್ಕಿ ಆ ಊರಿನವರು ಅವಳನ್ನು ‘ಅವಳು’ ಎಂದೇ ಕರೆಯುತ್ತ ಬಂದಿದ್ದಾರೆ. ತಿದ್ದಲು ಹೋಗುವುದು ಅವಿವೇಕ.

ಲಾಫರ್ಟಿ ಅದನ್ನು ಮಾರಿದ. ಅನಂತರ ಅದು ಹೆಂಡದಂಗಡಿಯಾಯಿತು, ಬೇಸಗೆಯ ಬಿಡಾರವೂ ಆಯಿತು. ಕಡಲ ಗಾಳಿಗೆ ತಗಡು ತುಕ್ಕು ಹಿಡಿದು, ೧೯೬೦ರ ದಶಕದ ಹೊತ್ತಿಗೆ ಹೊಟ್ಟೆಯೊಳಗೆ ಮಳೆ ಸುರಿಯುವ ಸ್ಥಿತಿಗೆ ಬಂತು. ನೆಲವನ್ನು ಬೇರೆ ಕಟ್ಟಡಕ್ಕಾಗಿ ಮಾರಿಬಿಟ್ಟರು. ಒಂದೋ ಆನೆಯನ್ನು ಎಬ್ಬಿಸಿಕೊಂಡು ಹೋಗಿ, ಇಲ್ಲವೇ ಕೆಡವುತ್ತೇವೆ ಎಂದಾಗ ಊರಿನ ಜನ ಸಮಿತಿ ಕಟ್ಟಿಕೊಂಡು, ಮನೆಮನೆಯ ಬಾಗಿಲು ತಟ್ಟಿ ಹಣ ಕೂಡಿಸಿದರು. ೧೯೭೦ರ ಜುಲೈ ತಿಂಗಳಲ್ಲಿ ತೊಂಬತ್ತು ಟನ್ನಿನ ಆ ಆನೆ ಚಕ್ರಗಳ ಮೇಲೆ ಕುಳಿತು, ಕಡಲ ತೀರದ ಬೀದಿಯಲ್ಲಿ ಮೆರವಣಿಗೆ ಹೊರಟು ಹೊಸ ನೆಲೆಗೆ ಬಂತು. ೧೯೭೬ರಲ್ಲಿ ಅಮೆರಿಕದ ಸರಕಾರವೇ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ನಿವೇಶನ ಮಾರಲು ಹುಟ್ಟಿದ ಜಾಹೀರಾತು ಸ್ಮಾರಕವಾದ ಬಗೆ ಇದು. ಆ ಪದವಿಯನ್ನು ಅದಕ್ಕೆ ಕೊಟ್ಟವರು ಕಟ್ಟಿಸಿದವರಲ್ಲ; ಅದರ ನೆರಳಿನಲ್ಲಿ ಆಡಿ ಬೆಳೆದವರು.

ದಕ್ಷಿಣ ಡಕೋಟದ ಮಿಚೆಲ್ ಎಂಬ ಊರಿನ ಜೋಳದ ಅರಮನೆಯದೂ ಇಂತಹುದೇ ಕಥೆ. ನಮ್ಮ ನೆಲದಲ್ಲಿ ಬೆಳೆ ಬರುತ್ತದೆ, ಬಂದು ನೆಲಸಿ ಎಂದು ಹೊರಗಿನವರನ್ನು ನಂಬಿಸುವುದಕ್ಕಾಗಿ ೧೮೯೨ರಲ್ಲಿ ಊರಿನವರು ಒಂದು ಕಟ್ಟಡ ಕಟ್ಟಿ, ಅದರ ಹೊರಮೈಗೆಲ್ಲ ಮುಸುಕಿನ ಜೋಳದ ತೆನೆಗಳನ್ನು ಹೊಡೆದರು. ಈಗಿನ ಕಟ್ಟಡ ೧೯೨೧ರದು. ಕೆಂಪು, ಹಳದಿ, ಕಪ್ಪು, ನೀಲಿ ಬಣ್ಣಗಳ ತೆನೆಗಳಿಂದ ಗೋಡೆಯ ತುಂಬ ಚಿತ್ರಗಳನ್ನು ಬಿಡಿಸಿ, ಹೊಸ ಬೆಳೆ ಬಂದಾಗ ಹಳೆಯದನ್ನು ಕಿತ್ತು ಬೇರೆ ಚಿತ್ರ ಮಾಡುತ್ತಾರೆ. ಚಳಿಗಾಲದಲ್ಲಿ ಹಕ್ಕಿಗಳಿಗೆ ಹಬ್ಬ. ೧೯೪೮ರಿಂದ ೧೯೭೧ರವರೆಗೆ ಈ ಚಿತ್ರಗಳ ವಿನ್ಯಾಸವನ್ನು ಮಾಡಿಕೊಟ್ಟವನು ಆಸ್ಕರ್ ಹೌ ಎಂಬ ಹೆಸರಾಂತ ಚಿತ್ರಕಾರ. ಅವನು ಆ ನೆಲದ ಮೂಲನಿವಾಸಿಗಳಾದ ಡಕೋಟ ಜನಕ್ಕೆ ಸೇರಿದವನು. ನೆಲ ಯಾರದಾಗಿತ್ತೋ ಅವರ ಮಗನೇ, ನೆಲಸಲು ಬಂದವರ ಅರಮನೆಗೆ ಇಪ್ಪತ್ತಮೂರು ವರ್ಷ ರೇಖೆ ಎಳೆದುಕೊಟ್ಟನೆಂಬುದನ್ನು ಓದಿದಾಗ, ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ದಾರಿಯನ್ನು ನಂಬಿ ಹುಟ್ಟಿದವುಗಳಿಗೆ ದಾರಿಯಿಂದಲೇ ಮೃತ್ಯುವೂ ಬಂತು. ೧೯೫೬ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಕಾಲದಲ್ಲಿ ಒಂದು ಶಾಸನವಾಗಿ, ೪೧ ಸಾವಿರ ಮೈಲಿಗಳ ಹೊಸ ಹೆದ್ದಾರಿಗಳನ್ನು ಕಟ್ಟಲು ಗೊತ್ತಾಯಿತು. ಅವು ಅಗಲವಾದ, ಅಡ್ಡರಸ್ತೆಗಳಿಲ್ಲದ, ಊರುಗಳನ್ನು ಹೊರಗಿಟ್ಟು ಹೋಗುವ ದಾರಿಗಳು. ಶಿಕಾಗೋದಿಂದ ಕ್ಯಾಲಿಫೋರ್ನಿಯದ ಕಡಲತಡಿಯವರೆಗೆ ಸುಮಾರು ೨,೪೫೦ ಮೈಲಿ ಓಡುತ್ತಿದ್ದ ೬೬ನೆಯ ನಂಬರಿನ ಹಳೆಯ ಹೆದ್ದಾರಿ, ೧೯೨೬ರಿಂದ ನೂರಾರು ಊರುಗಳಿಗೆ ಅನ್ನ ಹಾಕಿದ ದಾರಿ, ತುಂಡುತುಂಡಾಗಿ ಸತ್ತುಹೋಯಿತು. ೧೯೮೫ರಲ್ಲಿ ಸರಕಾರ ಅದರ ಹೆಸರನ್ನೂ ಪಟ್ಟಿಯಿಂದ ಹೊಡೆದುಹಾಕಿತು.

ಅರಿಜೋನದ ಸೆಲಿಗ್ಮನ್ ಎಂಬ ಊರಿನವರಿಗೆ ಆ ಸಾವಿನ ದಿನ ನೆನಪಿದೆ: ೧೯೭೮ರ ಸೆಪ್ಟೆಂಬರ್ ೨೨. ಅಂದು ಪಕ್ಕದಲ್ಲಿ ಹೊಸ ಹೆದ್ದಾರಿ ತೆರೆಯಿತು. ಬೆಳಿಗ್ಗೆ ದಾಟಲು ಸಂದು ಸಿಗದಷ್ಟು ಕಾರುಗಳಿದ್ದ ಬೀದಿ ಅದೇ ದಿನ ಬರಿದಾಯಿತು. ಏಂಜೆಲ್ ಡೆಲ್ಗಾಡಿಲ್ಲೊ ಎಂಬ ಕ್ಷೌರಿಕನ ಅಂಗಡಿ ಆ ಬೀದಿಯಲ್ಲೇ ಇತ್ತು. ಊರು ಒಣಗುವುದನ್ನು ಒಂಬತ್ತು ವರ್ಷ ನೋಡಿದ ಮೇಲೆ, ೧೯೮೭ರಲ್ಲಿ ಅವನು ಅಕ್ಕಪಕ್ಕದ ಊರಿನವರನ್ನು ಕೂಡಿಸಿ ಒಂದು ಸಂಘ ಕಟ್ಟಿದ. ಹಳೆಯ ದಾರಿಯನ್ನು ಐತಿಹಾಸಿಕ ದಾರಿಯೆಂದು ಮನ್ನಿಸಬೇಕೆಂದು ಸಂಸ್ಥಾನದ ಸರಕಾರವನ್ನು ಒಪ್ಪಿಸಿದ. ರಾಜಕಾರಣಿಯಲ್ಲ, ಧನಿಕನಲ್ಲ, ಕೈಯಲ್ಲಿ ಕತ್ತರಿ ಹಿಡಿದ ಒಬ್ಬ ಮನುಷ್ಯ! ಇಂದು ಜಗತ್ತಿನ ನಾನಾ ಕಡೆಯಿಂದ ಜನ ಆ ಹಳೆಯ ದಾರಿಯನ್ನು ನೋಡಲೆಂದೇ ಹೋಗುತ್ತಾರೆ. ನಿಮ್ಮ ಮನೆಯ ಮಕ್ಕಳು ೨೦೦೬ರ ‘ಕಾರ್ಸ್’ ಎಂಬ ಚಲಚ್ಚಿತ್ರವನ್ನು ನೋಡಿದ್ದರೆ, ಹೆದ್ದಾರಿ ಕೈಬಿಟ್ಟ ಆ ಊರಿನ ಕಥೆಯ ಹಿಂದೆ ಈ ಕ್ಷೌರಿಕ ಹೇಳಿದ ಮಾತುಗಳಿವೆಯೆಂದು ಅವರಿಗೆ ತಿಳಿಸಿ.

ದಾರಿಬದಿಯ ವಿಚಿತ್ರಗಳಲ್ಲಿ ಸುಳ್ಳೂ ಇಲ್ಲದಿಲ್ಲ. ಅರಿಜೋನದ ಇನ್ನೊಂದು ಹೆದ್ದಾರಿಯಲ್ಲಿ ‘ಅದೇನು?’ ಎಂಬ ಅರ್ಥ ಬರುವ ಹಳದಿ ಬೋರ್ಡುಗಳು ಮೈಲಿಗಟ್ಟಲೆ ದಾರಿಯಲ್ಲಿ ಕಾರಿನ ಹಿಂದಿನ ಪೀಠದ ಮಕ್ಕಳನ್ನು ಕಾಡುತ್ತ ಬರುತ್ತವೆ. ಮಕ್ಕಳ ಹಟಕ್ಕೆ ಸೋತು ನಿಲ್ಲಿಸಿ, ಟಿಕೆಟು ಕೊಂಡು ಒಳಗೆ ಹೋದವರು ನೋಡುವುದು ಏನನ್ನು? ಹೇಳಿಬಿಟ್ಟರೆ ಆ ಅಂಗಡಿಯವನ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ಮೋಸಹೋಗುವುದಕ್ಕೂ ಒಂದಿಷ್ಟು ಕಾಸು ಕೊಡಬೇಕೆಂದು ಮಾತ್ರ ಹೇಳುತ್ತೇನೆ.

ಇಲ್ಲಿಯವರೆಗೆ ಹೇಳಿದವು ದಾರಿಹೋಕನ ಜೇಬನ್ನು ನೋಡಿ ಹುಟ್ಟಿದವು. ಇನ್ನೊಂದು ಜಾತಿಯವಿವೆ. ಅವನ್ನು ಕಟ್ಟಿದವರಿಗೆ ಯಾರು ನಿಂತರೂ ಸರಿಯೆ, ನಿಲ್ಲದಿದ್ದರೂ ಸರಿಯೆ.

ಎಡ್ವರ್ಡ್ ಲೀಡ್ಸ್‌ಕಾಲ್ನಿನ್ ಎಂಬವನು ೧೮೮೭ರಲ್ಲಿ ಲಾಟ್ವಿಯದಲ್ಲಿ ಹುಟ್ಟಿದವನು. ಐದಡಿಯ ಆಳು, ತೂಕ ನೂರು ಪೌಂಡು. ಅವನೇ ಹೇಳಿಕೊಂಡಂತೆ, ಮದುವೆ ನಿಶ್ಚಯವಾಗಿದ್ದ ಹದಿನಾರು ವರ್ಷದ ಹುಡುಗಿ ಒಲ್ಲೆನೆಂದಳು. ಅವನು ದೇಶ ಬಿಟ್ಟು ಅಲೆದು, ಕೊನೆಗೆ ಫ್ಲಾರಿಡದ ದಕ್ಷಿಣ ಭಾಗದಲ್ಲಿ ನೆಲಸಿ, ೧೯೨೩ರ ಸುಮಾರಿಗೆ ಕಲ್ಲು ಕಡಿಯತೊಡಗಿದ. ಇಪ್ಪತ್ತೆಂಟು ವರ್ಷ ಕಡಿದ. ಕಲ್ಲಿನ ಕುರ್ಚಿಗಳು, ಕಲ್ಲಿನ ಮೇಜು, ಕಲ್ಲಿನ ಚಂದ್ರ, ಕಲ್ಲಿನ ಮಂಚ, ಮಕ್ಕಳಿಗೆಂದು ಕಲ್ಲಿನ ತೊಟ್ಟಿಲು. ಯಾರಿಗೆ? ಬರದ ಹೆಂಡತಿಗೆ, ಹುಟ್ಟದ ಮಕ್ಕಳಿಗೆ. ಒಟ್ಟು ಕಲ್ಲಿನ ತೂಕ ೧,೧೦೦ ಟನ್ನು. ೧೯೩೦ರ ದಶಕದಲ್ಲಿ ಜಾಗ ಹಿಡಿಸದೆ, ಕಡಿದುದನ್ನೆಲ್ಲ ಹತ್ತು ಮೈಲಿ ಸಾಗಿಸಿ ಹೋಮ್‌ಸ್ಟೆಡ್ ಎಂಬಲ್ಲಿ ಮತ್ತೆ ಜೋಡಿಸಿದ. ರಾತ್ರಿ ಲಾಟೀನಿನ ಬೆಳಕಿನಲ್ಲಿ, ಯಾರೂ ನೋಡದ ಹೊತ್ತಿನಲ್ಲಿ ಅವನ ಕೆಲಸ. ಮಂತ್ರಶಕ್ತಿಯಿತ್ತೆಂದು, ಕಲ್ಲುಗಳು ತಾವೇ ತೇಲಿದವೆಂದು ಇಂದಿಗೂ ನಂಬುವವರಿದ್ದಾರೆ. ಹಳೆಯ ಚಿತ್ರಗಳಲ್ಲಿ ಕಾಣುವುದು ಮೂರು ಮರದ ಕಂಬಗಳನ್ನು ತಲೆ ಕೂಡಿಸಿ ನಿಲ್ಲಿಸಿ, ಅದಕ್ಕೆ ರಾಟೆ, ಸರಪಣಿಗಳನ್ನು ಕಟ್ಟಿರುವುದು. ಬೆರಳಿನಿಂದ ತಳ್ಳಿದರೆ ತಿರುಗುತ್ತಿದ್ದ ಒಂಬತ್ತು ಟನ್ನಿನ ಕಲ್ಲಿನ ಬಾಗಿಲು ೧೯೮೬ರಲ್ಲಿ ಕೆಟ್ಟಾಗ ಕ್ರೇನು ತಂದು ಎತ್ತಿ ನೋಡಿದರು. ಅಡಿಯಲ್ಲಿದ್ದುದು ಹಳೆಯ ಲಾರಿಯ ಒಂದು ಬೇರಿಂಗು. ಮಂತ್ರಕ್ಕಿಂತ ಇದೇ ನನಗೆ ಹೆಚ್ಚಿನ ಅದ್ಭುತವೆನ್ನಿಸುತ್ತದೆ. ೧೯೫೧ರಲ್ಲಿ ಅವನು ಆಸ್ಪತ್ರೆಗೆ ಹೋಗುತ್ತೇನೆಂದು ಬಾಗಿಲಿಗೆ ಒಂದು ಚೀಟಿ ತೂಗುಹಾಕಿ ಬಸ್ಸು ಹತ್ತಿದ. ಹಿಂದಿರುಗಲಿಲ್ಲ.

ಲಾಸ್ ಏಂಜಲಿಸ್ ನಗರದ ವಾಟ್ಸ್ ಎಂಬ ಬಡವರ ಮೊಹಲ್ಲಾದಲ್ಲಿ ಸೈಮನ್ ರೋಡಿಯ ಎಂಬ ಇಟಲಿಯ ಕೂಲಿಗಾರನಿದ್ದ. ಓದು ಬರಹ ಹೆಚ್ಚು ತಿಳಿಯದು. ಹಗಲು ಕೂಲಿ ಕೆಲಸ. ೧೯೨೧ರಲ್ಲಿ ಅವನು ತನ್ನ ಮುಕ್ಕೋನದ ಹಿತ್ತಿಲಿನಲ್ಲಿ ಗೋಪುರ ಕಟ್ಟಲು ತೊಡಗಿದ. ಉಕ್ಕಿನ ಸರಳುಗಳನ್ನು ಪಕ್ಕದ ರೈಲು ಕಂಬಿಯ ಸಂದಿಗೆ ಸಿಕ್ಕಿಸಿ ಬಗ್ಗಿಸುವುದು. ತಂತಿಯ ಬಲೆ ಸುತ್ತುವುದು. ಸಿಮೆಂಟು ಗಾರೆ ಮೆತ್ತುವುದು. ಗಾರೆ ಒಣಗುವ ಮುನ್ನ ಒಡೆದ ಬಟ್ಟಲು, ಹಸಿರು ಸೀಸೆಯ ಚೂರು, ಕಪ್ಪೆಚಿಪ್ಪು, ಬಣ್ಣದ ಹೆಂಚಿನ ಬಿಲ್ಲೆಗಳನ್ನು ಒತ್ತುವುದು. ಬೀದಿಯ ಮಕ್ಕಳು ಒಡಕು ಪಿಂಗಾಣಿ ತಂದುಕೊಡುತ್ತಿದ್ದರು. ಸಾರವೆ ಕಟ್ಟಲಿಲ್ಲ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ತಾನು ಕಟ್ಟಿದ ಗೋಪುರವನ್ನು ತಾನೇ ಹತ್ತಿ ಮುಂದಿನದನ್ನು ಕಟ್ಟಿದ. ಮೂವತ್ತಮೂರು ವರ್ಷ ಹೀಗೆ ನಡೆಯಿತು. ಅತಿ ಎತ್ತರದ ಗೋಪುರ ನೂರು ಅಡಿಗೆ ಅರ್ಧ ಅಡಿ ಕಡಮೆ. ಆ ಸಮುಚ್ಚಯಕ್ಕೆ ಅವನಿಟ್ಟ ಹೆಸರು ಸ್ಪಾನಿಷ್ ಭಾಷೆಯದು. ‘ನಮ್ಮ ಊರು’ ಎಂದು ಅರ್ಥ. ಮುಗಿದ ಮೇಲೆ, ೧೯೫೦ರ ದಶಕದ ನಡುವಿನಲ್ಲಿ, ಜಾಗವನ್ನು ನೆರೆಯವನೊಬ್ಬನಿಗೆ ಬಿಟ್ಟುಕೊಟ್ಟು ಬೇರೆ ಊರಿಗೆ ಹೊರಟುಹೋದ.

ನಗರದ ಕಟ್ಟಡ ಇಲಾಖೆಯವರು ಬಂದು ನೋಡಿದರು. ನಕ್ಷೆಯಿಲ್ಲ, ಎಂಜಿನಿಯರ್ ಇಲ್ಲ. ಯಾವ ಗಳಿಗೆಯಲ್ಲಿ ಯಾರ ತಲೆಯ ಮೇಲೆ ಬೀಳುವುದೋ! ಕೆಡವಬೇಕೆಂದು ಆಜ್ಞೆಯಾಯಿತು. ಅಧಿಕಾರಿಗಳನ್ನು ನಾನು ಹಳಿಯಲಾರೆ. ಆ ಕುರ್ಚಿಯಲ್ಲಿ ನಾನಿದ್ದರೂ ಹಾಗೆಯೇ ಬರೆಯುತ್ತಿದ್ದೆನೋ ಏನೋ. ಅಷ್ಟರಲ್ಲಿ ಚಲಚ್ಚಿತ್ರರಂಗದ ಇಬ್ಬರು ತರುಣರು, ಕಾರ್ಟ್‌ರೈಟ್ ಮತ್ತು ಕಿಂಗ್, ಜಾಗವನ್ನು ಕೊಂಡುಕೊಂಡಿದ್ದರು. ಗೋಪುರವನ್ನು ಪರೀಕ್ಷಿಸಿ ನೋಡೋಣ, ಬಿದ್ದರೆ ಕೆಡವಿ ಎಂದು ಅವರ ಕಡೆಯವರು ಪಣ ಒಡ್ಡಿದರು. ವಿಮಾನಗಳ ದೃಢತೆಯನ್ನು ಅಳೆಯುವ ಕೆಲಸದಲ್ಲಿದ್ದ ಬಡ್ ಗೋಲ್ಡ್‌ಸ್ಟೋನ್ ಎಂಬ ಎಂಜಿನಿಯರ್ ಪರೀಕ್ಷೆಯ ಕ್ರಮವನ್ನು ರೂಪಿಸಿದ. ೧೯೫೯ರ ಅಕ್ಟೋಬರ್ ೧೦ರಂದು ಜನ ನೆರೆದು ನೋಡುತ್ತಿದ್ದಂತೆ, ಎತ್ತರದ ಗೋಪುರಕ್ಕೆ ಉಕ್ಕಿನ ಹಗ್ಗ ಕಟ್ಟಿ ಹತ್ತು ಸಾವಿರ ಪೌಂಡುಗಳ ಭಾರದಿಂದ ಜಗ್ಗಿದರು. ಗೋಪುರ ಜಪ್ಪಯ್ಯ ಎನ್ನಲಿಲ್ಲ. ಬಗ್ಗಿದುದು ಜಗ್ಗುತ್ತಿದ್ದ ಯಂತ್ರದ ತೊಲೆ. ಅಲ್ಲಿಗೆ ಪರೀಕ್ಷೆ ನಿಲ್ಲಿಸಿದರು. ೧೯೯೦ರಲ್ಲಿ ಅದೂ ರಾಷ್ಟ್ರೀಯ ಸ್ಮಾರಕವಾಯಿತು. ರೋಡಿಯ ೧೯೬೫ರಲ್ಲಿ ತೀರಿಕೊಂಡ. ತಾನು ಬಿಟ್ಟುಬಂದ ಹಿತ್ತಿಲಿನಲ್ಲಿ ವಾಸಕ್ಕೆ ಅವನು ಮತ್ತೆ ಬರಲೇ ಇಲ್ಲ.

ಇವರಷ್ಟು ಗಂಭೀರರಲ್ಲದವರೂ ಇದ್ದಾರೆ. ನೆಬ್ರಾಸ್ಕದ ಅಲೈಯನ್ಸ್ ಎಂಬಲ್ಲಿ ಜಿಮ್ ರೈಂಡರ್ಸ್ ಎಂಬವನು ೧೯೮೭ರಲ್ಲಿ ತನ್ನ ಬಂಧುಬಳಗವನ್ನೆಲ್ಲ ಕೂಡಿಸಿ, ತಂದೆಯ ನೆನಪಿಗಾಗಿ, ಮೂವತ್ತೊಂಬತ್ತು ಹಳೆಯ ಕಾರುಗಳಿಂದ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಶಿಲಾವಲಯದ ಪ್ರತಿಕೃತಿ ಮಾಡಿದ. ಎಲ್ಲಕ್ಕೂ ಬೂದು ಬಣ್ಣ. ತಂದೆಯ ಶ್ರಾದ್ಧಕ್ಕೆ ಇಂತಹ ಪಿಂಡವನ್ನು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಆದರೂ ಬಂಧುಗಳೆಲ್ಲ ಬಂದು ಮೈಬಗ್ಗಿಸಿ ದುಡಿದರೆಂಬುದನ್ನು ನೆನೆದರೆ ನಗು ಅರ್ಧದಲ್ಲೇ ನಿಲ್ಲುತ್ತದೆ. ಟೆಕ್ಸಾಸಿನ ಅಮರಿಲ್ಲೊ ಬಳಿ ೧೯೭೪ರಲ್ಲಿ ಕಲಾವಿದರ ಗುಂಪೊಂದು ಹತ್ತು ಕ್ಯಾಡಿಲ್ಯಾಕ್ ಕಾರುಗಳನ್ನು ಸಾಲಾಗಿ, ಮೂಗು ಕೆಳಗಾಗಿ ಹೂಳಿತು. ಬಂದವರೆಲ್ಲ ಅದರ ಮೇಲೆ ಬಣ್ಣ ಎರಚಿ ಹೋಗುವುದು ರೂಢಿಯಾಗಿದೆ. ಓಕ್ಲಹೋಮದ ಕಟೂಸದಲ್ಲಿ, ಮೃಗಾಲಯದಲ್ಲಿ ಕೆಲಸ ಮಾಡಿದ್ದ ಹ್ಯೂ ಡೇವಿಸ್ ಎಂಬವನು ೧೯೭೦ರ ದಶಕದ ಆರಂಭದಲ್ಲಿ ಮದುವೆಯ ವಾರ್ಷಿಕದ ಉಡುಗೊರೆಯೆಂದು ಹೆಂಡತಿಗೆ ಎಂಬತ್ತು ಅಡಿಯ ಸಿಮೆಂಟಿನ ತಿಮಿಂಗಿಲವನ್ನು ಕಟ್ಟಿಕೊಟ್ಟ. ಆಕೆ ತಿಮಿಂಗಿಲದ ಪುಟ್ಟ ಗೊಂಬೆಗಳನ್ನು ಕೂಡಿಸುತ್ತಿದ್ದಳಂತೆ. ಗೊಂಬೆ ಕೂಡಿಸುವ ಗೃಹಿಣಿಯರ ಪತಿದೇವರುಗಳು ಈ ಭಾಗವನ್ನು ಓದಿ ಹೇಳುವ ಮುನ್ನ ಯೋಚಿಸುವುದು ಒಳ್ಳೆಯದು.

ಇನ್ನು ಆ ಉಂಡೆಯ ಮಾತು. ಕ್ಯಾನ್ಸಸ್ ಸಂಸ್ಥಾನದ ಕಾಕರ್ ಸಿಟಿ, ಹೆಸರಿಗೆ ನಗರವಾದರೂ, ಕೆಲವು ನೂರು ಜನರ ಊರು. ೧೯೫೩ರಲ್ಲಿ ಫ್ರಾಂಕ್ ಸ್ಟೋಬರ್ ಎಂಬ ರೈತ, ಹುಲ್ಲಿನ ಹೊರೆ ಕಟ್ಟುವ ಕತ್ತಾಳೆ ನಾರಿನ ಹುರಿಯ ತುಂಡುಗಳು ಕೊಟ್ಟಿಗೆಯಲ್ಲಿ ಚೆಲ್ಲಿ ಬಿದ್ದಿದ್ದುದನ್ನು ಎಸೆಯಲು ಮನಸ್ಸಾಗದೆ ಸುತ್ತಿಡತೊಡಗಿದ. ಆದರೆ ಅವನು ಅರಿಯದ ಸಂಗತಿಯೊಂದಿತ್ತು. ಮೂರು ವರ್ಷ ಮೊದಲೇ, ೧೯೫೦ರಲ್ಲಿ, ಮಿನ್ನೆಸೋಟ ಸಂಸ್ಥಾನದ ಡಾರ್ವಿನ್ ಎಂಬಲ್ಲಿ ಫ್ರಾನ್ಸಿಸ್ ಜಾನ್‌ಸನ್ ಎಂಬವನು ಇದೇ ಕೆಲಸಕ್ಕೆ ಕೈಹಾಕಿದ್ದ. ಈ ಜಾನ್‌ಸನ್ ಅಮೆರಿಕದ ಸೆನೆಟಿನ ಸದಸ್ಯನಾಗಿದ್ದವನ ಮಗ. ತಂದೆ ಶಾಸನಗಳನ್ನು ಮಾಡಿದ. ಮಗ ಇಪ್ಪತ್ತೊಂಬತ್ತು ವರ್ಷ ಹಗ್ಗ ಸುತ್ತಿದ. ಸುತ್ತು ಒಂದೇ ಸಮನಾಗಿರಲೆಂದು, ರೈಲು ಡಬ್ಬಿಗಳನ್ನು ಎತ್ತುವ ಜಾಕುಗಳಿಂದ ಉ೦ಡೆಯನ್ನು ಎತ್ತಿ ತಿರುಗಿಸುತ್ತಿದ್ದನಂತೆ. ಹನ್ನೆರಡು ಅಡಿ ಅಡ್ಡಳತೆ, ೧೭,೪೦೦ ಪೌಂಡು ತೂಕ. ಅವನು ೧೯೮೯ರಲ್ಲಿ ತೀರಿಕೊಂಡ. ಈಗ ಅದನ್ನು ಗಾಜಿನಂತಹ ಪಾರದರ್ಶಕ ಗೋಡೆಗಳ ಒಳಗೆ ಇಟ್ಟಿದ್ದಾರೆ. ಮುಟ್ಟುವಂತಿಲ್ಲ, ಒಂದೆಳೆ ಸೇರಿಸುವಂತಿಲ್ಲ. ಒಬ್ಬನೇ ಮನುಷ್ಯ ಸುತ್ತಿದ ಉಂಡೆಗಳಲ್ಲಿ ಇದೇ ದೊಡ್ಡದೆಂದು ಆ ಊರಿನ ಪಟ್ಟು.

ಸ್ಟೋಬರ್ ಬೇರೆ ಬಗೆಯವನು. ೧೯೬೧ರಲ್ಲಿ ಉಂಡೆಯನ್ನು ಊರಿಗೆ ಕೊಟ್ಟುಬಿಟ್ಟ. ೧೯೭೪ರಲ್ಲಿ ಅವನು ಸತ್ತ ಮೇಲೂ ಊರಿನವರು ಸುತ್ತುವುದನ್ನು ನಿಲ್ಲಿಸಲಿಲ್ಲ. ಪ್ರತಿ ಆಗಸ್ಟ್ ತಿಂಗಳಲ್ಲಿ ಅದಕ್ಕಾಗಿಯೇ ಒಂದು ಹಬ್ಬ. ಹಬ್ಬವಿಲ್ಲದ ದಿನ ಬಂದ ದಾರಿಹೋಕನೂ ಹುರಿ ಕೇಳಿ ಪಡೆದು ತನ್ನ ಪಾಲಿನ ಸುತ್ತನ್ನು ಹಾಕಬಹುದು. ತೂಕ ಇಪ್ಪತ್ತು ಸಾವಿರ ಪೌಂಡುಗಳನ್ನು ದಾಟಿ ಎಷ್ಟೋ ಕಾಲವಾಯಿತು. ಎರಡು ಊರುಗಳಲ್ಲಿ ಯಾವುದರ ಉಂಡೆ ದೊಡ್ಡದೆಂದು ಕೇಳಿದರೆ ಉತ್ತರ ನಿಮಗೆ ತಿಳಿಯಿತಷ್ಟೆ. ನನಗಂತೂ ಗಾಜಿನೊಳಗಿನ ಉಂಡೆಗಿಂತ ಮಾಡಿನ ಕೆಳಗಿನ ಉಂಡೆಯ ಮೇಲೆ ಮನಸ್ಸು.

ಇದನ್ನೆಲ್ಲ ಓದಿಕೊಂಡು ಮತ್ತೊಮ್ಮೆ ಆ ಹಿರಿಯರ ಮನೆಗೆ ಹೋದೆ. ಹನ್ನೊಂದು ಚಿತ್ರಗಳನ್ನೂ ನಿಧಾನವಾಗಿ ನೋಡಿದೆವು. ಏಳನೆಯದರಲ್ಲಿ ಅವರು ಹುರಿಯ ತುದಿ ಹಿಡಿದು ಉಂಡೆಗೆ ಸುತ್ತುತ್ತಿದ್ದಾರೆ; ಮುಖದಲ್ಲಿ, ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಹಂಚುವಾಗ ಇರುತ್ತಿದ್ದ ಅದೇ ಗಾಂಭೀರ್ಯ.

“ಎಷ್ಟು ಸುತ್ತಿದಿರಿ ಸಾರ್?”

“ಒಂದು ಮಾರು ಇರಬಹುದು. ಸಾಕಲ್ಲ!”

ಒಳಗಿನಿಂದ ಕಾಫಿ ತರುತ್ತಿದ್ದ ಅವರ ಪತ್ನಿ ನಿಂತರು. ನಲವತ್ತು ವರ್ಷ ಬಾಗಿಲಲ್ಲಿ ಹೂವಾಡಗಿತ್ತಿಯೊಡನೆ ಮೊಳಕ್ಕೆ ಮೊಳ ಲೆಕ್ಕ ಹಾಕಿ ಮಲ್ಲಿಗೆ ಕೊಂಡವರು ಅವರು.

“ಮಾರಲ್ಲ, ಎರಡೇ ಮೊಳ,” ಎಂದರು. “ನಾನು ಸುತ್ತಿದ್ದು ಆರು ಮೊಳ. ಇವರು ಅದರ ಚಿತ್ರವನ್ನೇ ತೆಗೆಯಲಿಲ್ಲ.”